ಮೋಸವಿಲ್ಲದ ದಾಳ

ಜೂಜಿನ ಮಾತು ಬಂದಾಗಲೆಲ್ಲ ನಮ್ಮ ಕಡೆಯ ಜನರ ಬಾಯಲ್ಲಿ ಮೊದಲು ಬರುವುದು ಶಕುನಿಯ ಹೆಸರು. ಗದುಗಿನ ಭಾರತವನ್ನು ಗುಡಿಯ ಕಟ್ಟೆಯ ಮೇಲೆ ಓದಿಸಿ ಕೇಳಿದ ನಾಡು ಇದು. ಅಕ್ಷರ ಬಾರದವರಿಗೂ ಸಭಾಪರ್ವದ ದ್ಯೂತಪ್ರಸಂಗ ಬರುತ್ತದೆ. ಶಕುನಿ ತನ್ನ ತಂದೆಯ ಎಲುಬಿನಿಂದ ದಾಳಗಳನ್ನು ಮಾಡಿಕೊಂಡಿದ್ದ, ಅವು ಅವನು ಹೇಳಿದಂತೆ ಬೀಳುತ್ತಿದ್ದವು ಎಂಬುದು ವ್ಯಾಸರಲ್ಲಿ ಇಲ್ಲದಿದ್ದರೂ ಜನಪದದಲ್ಲಿ ಗಟ್ಟಿಯಾಗಿ ಬೇರೂರಿದ ಕತೆ. ಈ ಕತೆ ನಮಗೆ ಒಂದು ನಂಬಿಕೆಯನ್ನು ಕೊಟ್ಟಿದೆ. ಧರ್ಮರಾಯ ಸೋತದ್ದು ದಾಳ ಮೋಸದ್ದಾಗಿದ್ದರಿಂದ. ದಾಳ ಸರಿಯಾಗಿದ್ದರೆ ಸೋಲು ಗೆಲುವು ದೈವದ ಕೈಯಲ್ಲಿ, ಇಬ್ಬರಿಗೂ ಸಮ. ಇದು ಅರ್ಧ ಮಾತ್ರ ನಿಜ. ಉಳಿದರ್ಧ ತಿಳಿಯದೆ ಹೊಲ ಮಾರಿದವರನ್ನು ಕಂಡಿದ್ದೇನೆ. ಅದಕ್ಕಾಗಿ ಈ ಬರಹ.

ಮುಗದ ಧಾರವಾಡದಿಂದ ಪಡುವಣಕ್ಕೆ, ಬಯಲುಸೀಮೆ ಮುಗಿದು ಮಲೆನಾಡಿನ ಸೆರಗು ತೊಡಗುವಲ್ಲಿರುವ ಊರು. ಕೆರೆ, ಭತ್ತದ ಗದ್ದೆ, ಭತ್ತದ ಸಂಶೋಧನಾ ಕೇಂದ್ರ, ಅಲ್ಲಿಂದ ಹೊರಬಂದ ‘ಮುಗದ ಸುಗಂಧ’ ಎಂಬ ತಳಿ. ಇವು ಊರಿನ ಗುರುತುಗಳು. ಇಂಥ ಊರಿನಲ್ಲಿಯೂ ಪಣ ಕಟ್ಟುವುದು ಹೊಸತಲ್ಲ. ನಾಗರಪಂಚಮಿಗೆ ಲಿಂಬೆಹಣ್ಣನ್ನು ಎಷ್ಟು ಎಸೆತದಲ್ಲಿ ಎಲ್ಲಿಗೆ ಮುಟ್ಟಿಸುತ್ತೀ ಎಂದು ಪಣ, ಕಣ್ಣು ಕಟ್ಟಿಕೊಂಡು ನಡೆಯುವುದಕ್ಕೆ ಪಣ, ದೀಪಾವಳಿಯ ಪಾಡ್ಯಕ್ಕೆ ಎಲೆಯಾಟ. ಇವುಗಳಲ್ಲಿ ಸೋತವನ ಹಣ ಗೆದ್ದವನ ಕಿಸೆಗೆ ಹೋಗುತ್ತಿತ್ತು, ಅಷ್ಟೇ. ಊರಿನ ಹಣ ಊರಿನಲ್ಲಿಯೇ ತಿರುಗುತ್ತಿತ್ತು.

ಜಾತ್ರೆಯಲ್ಲಿ ಹಾಸುವ ಚಿತ್ರದ ದಾಳದ ಆಟ ಹೀಗಲ್ಲ. ಒಂದು ಬಟ್ಟೆಯ ಮೇಲೆ ಆರು ಮನೆ. ಇಸ್ಪೀಕು, ಕಿಲವಾರ, ಚೌಕಟ, ಬದಾಮ, ಕಿರೀಟ, ಧ್ವಜ. ಅದೇ ಆರು ಚಿತ್ರಗಳುಳ್ಳ ದಾಳಗಳನ್ನು ಡಬ್ಬಿಯಲ್ಲಿ ಕುಲುಕಿ ಬೋರಲು ಹಾಕುತ್ತಾರೆ. ಊರೂರಿಗೆ ಇದರ ಹೆಸರು ಬೇರೆ. ಗೋವೆಯ ಜಾತ್ರೆಗಳಲ್ಲಿ ಗಡಗಡೊ, ಉತ್ತರ ಹಿಂದುಸ್ತಾನದಲ್ಲಿ ಝಂಡಿ ಮುಂಡಾ, ನೇಪಾಳದಲ್ಲಿ ಲಂಗೂರ ಬುರ್ಜಾ. ಬ್ರಿಟಿಷ್ ನೌಕಾಪಡೆಯ ನಾವಿಕರು ಇದನ್ನೇ ‘ಕ್ರೌನ್ ಅಂಡ್ ಆ್ಯಂಕರ್’ ಎಂದು ಆಡುತ್ತಿದ್ದರು. ದಾಳಗಳ ಸಂಖ್ಯೆ ಅಲ್ಲಲ್ಲಿ ಬದಲಾಗುತ್ತದೆ. ಲೆಕ್ಕಕ್ಕೆ ಸುಲಭವಾದ ಮೂರು ದಾಳದ ಆಟವನ್ನೇ ತೆಗೆದುಕೊಳ್ಳೋಣ.

ನಿಮ್ಮ ಚಿತ್ರ ಒಂದು ದಾಳದಲ್ಲಿ ಬಿದ್ದರೆ ಕಟ್ಟಿದಷ್ಟು ಲಾಭ, ಎರಡರಲ್ಲಿ ಬಿದ್ದರೆ ಎರಡರಷ್ಟು, ಮೂರರಲ್ಲಿಯೂ ಬಿದ್ದರೆ ಮೂರರಷ್ಟು. ಕೇಳಿದವರು ತಟ್ಟನೆ ಹೀಗೆ ಯೋಚಿಸುತ್ತಾರೆ: ಚಿತ್ರ ಆರು, ದಾಳ ಮೂರು, ಅಂದಮೇಲೆ ಗೆಲ್ಲುವ ಸಾಧ್ಯತೆ ಅರ್ಧಕ್ಕರ್ಧ; ಜೋಡಿ ಬಿದ್ದರೆ ಮೇಲೆ ಲಾಭ ಬೇರೆ. ಗಣಿತದ ಮಾಸ್ತರನಾಗಿದ್ದಾಗ ನಾನು ಈ ಪ್ರಶ್ನೆಯನ್ನು ಪ್ರತಿವರ್ಷವೂ ತರಗತಿಯಲ್ಲಿ ಇಡುತ್ತಿದ್ದೆ. ಜಾಣ ಹುಡುಗರೂ ಇದೇ ಉತ್ತರ ಕೊಡುತ್ತಿದ್ದರು. ನಿಜವಾದ ಲೆಕ್ಕ ಬೇರೆ. ಮೂರು ದಾಳಗಳು ಬೀಳುವ ರೀತಿ ಒಟ್ಟು 216. ಅವುಗಳಲ್ಲಿ ನಿಮ್ಮ ಚಿತ್ರ ಒಂದೂ ಕಾಣದಿರುವುದು 125 ರೀತಿಯಲ್ಲಿ, ಒಮ್ಮೆ ಕಾಣುವುದು 75ರಲ್ಲಿ, ಎರಡು ಸಲ 15ರಲ್ಲಿ, ಮೂರೂ ಸಲ ಒಂದೇ ಒಂದರಲ್ಲಿ. ಪ್ರತಿಸಲ ಒಂದು ರೂಪಾಯಿ ಕಟ್ಟಿದರೆ ಬರುವುದು 75 ಮತ್ತು 30 ಮತ್ತು 3, ಅಂದರೆ 108 ರೂಪಾಯಿ. ಹೋಗುವುದು 125. ಹದಿನೇಳು ರೂಪಾಯಿ ನಷ್ಟ. ನೂರಕ್ಕೆ ಸುಮಾರು ಎಂಟು.

ಈ ಹದಿನೇಳು ಎಲ್ಲಿ ಹೋಯಿತು? ಅದನ್ನು ತೋರಿಸಲು ಇನ್ನೊಂದು ದಾರಿಯಿದೆ. ಆರು ಮಂದಿ ಆರು ಮನೆಗಳಿಗೆ ಒಂದೊಂದು ರೂಪಾಯಿ ಇಟ್ಟರೆನ್ನಿ. ಮೂರು ದಾಳಗಳಲ್ಲಿ ಮೂರು ಬೇರೆ ಬೇರೆ ಚಿತ್ರಗಳು ಬಿದ್ದರೆ ಆಟ ಹೂಡಿದವನು ಮೂವರಿಂದ ತೆಗೆದು ಮೂವರಿಗೆ ಕೊಡುತ್ತಾನೆ. ಅವನಿಗೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಜೋಡಿ ಬಿದ್ದರೆ ನಾಲ್ವರಿಂದ ನಾಲ್ಕು ತೆಗೆದು, ಒಬ್ಬನಿಗೆ ಎರಡು, ಇನ್ನೊಬ್ಬನಿಗೆ ಒಂದು ಕೊಡುತ್ತಾನೆ. ಅವನಿಗೆ ಒಂದು ಉಳಿಯುತ್ತದೆ. ಮೂರೂ ಒಂದೇ ಬಿದ್ದರೆ ಐವರಿಂದ ಐದು ತೆಗೆದು ಮೂರು ಕೊಡುತ್ತಾನೆ; ಎರಡು ಉಳಿಯುತ್ತದೆ. ಜೋಡಿ ಬಿತ್ತೆಂದು ಜನ ಕೇಕೆ ಹಾಕುವ ಹೊತ್ತೇ ಅವನು ದುಡಿಯುವ ಹೊತ್ತು. ಇದರಲ್ಲಿ ಕೈಚಳಕವಿಲ್ಲ, ಸೀಸ ತುಂಬಿದ ದಾಳವಿಲ್ಲ. ದಾಳ ಎಷ್ಟು ಪ್ರಾಮಾಣಿಕವೋ ಅವನ ದುಡಿಮೆ ಅಷ್ಟು ನಿಶ್ಚಿತ. ಮೋಸದ ದಾಳ ಹಿಡಿದರೆ ಸಿಕ್ಕಿಬೀಳುವ ಭಯವಾದರೂ ಇರುತ್ತದೆ.

ಇದೇ ವಿಚಾರವನ್ನು ದೊಡ್ಡ ಪ್ರಮಾಣದಲ್ಲಿ ಕಾಣುವ ಸಂದರ್ಭ 2012ರಲ್ಲಿ ಒದಗಿತು. ಮಗಳ ಮನೆಗೆಂದು ಅಮೆರಿಕಕ್ಕೆ ಹೋದಾಗ ಗ್ರ್ಯಾಂಡ್ ಕ್ಯಾನ್ಯನ್ ನೋಡಲು ಹೊರಟವರು ದಾರಿಯಲ್ಲಿ ಲಾಸ್ ವೇಗಸ್‌ನಲ್ಲಿ ಒಂದು ರಾತ್ರಿ ಉಳಿದಿದ್ದೆವು. ಮರುದಿನ ಮುಂಜಾನೆ, ಗಿರಾಕಿಗಳು ವಿರಳವಾಗಿದ್ದ ಹೊತ್ತಿನಲ್ಲಿ, ಹೊಸಬರಿಗೆ ದಾಳದ ಆಟವನ್ನು ಪುಕ್ಕಟೆಯಾಗಿ ಕಲಿಸುವ ಒಂದು ಪಾಠ ನಡೆದಿತ್ತು. ಪಾಠ ಎಂದರೆ ಮಾಸ್ತರನ ಕಾಲು ನಿಲ್ಲುವುದೇ? ಅಳಿಯನನ್ನು ಜೊತೆಗೆ ಕರೆದುಕೊಂಡು ನಿಂತೆ. ಆಟದ ಹೆಸರು ಕ್ರಾಪ್ಸ್. ಇಂಗ್ಲೆಂಡಿನ ‘ಹ್ಯಾಝರ್ಡ್’ ಎಂಬ ಹಳೆಯ ಆಟ ನ್ಯೂ ಆರ್ಲಿಯನ್ಸ್ ಮೂಲಕ ಅಮೆರಿಕಕ್ಕೆ ಇಳಿದು ಈ ರೂಪ ತಾಳಿತು.

ಕಲಿಸುತ್ತಿದ್ದ ನಡುವಯಸ್ಸಿನ ಹೆಂಗಸು ಒಳ್ಳೆಯ ಶಿಕ್ಷಕಿ. ಮೊದಲು ದಾಳವನ್ನೇ ಕೈಗಿತ್ತಳು. ಕೆಂಪು ಗಾಜಿನಂತೆ ಪಾರದರ್ಶಕ. ಒಳಗೆ ಏನನ್ನೂ ಅಡಗಿಸಲು ಬಾರದು. ಅಂಚುಗಳು ಚೂಪು. ಚುಕ್ಕಿಗಾಗಿ ಕೊರೆದ ಗುಳಿಗಳನ್ನು ಅಷ್ಟೇ ತೂಕದ ಬಣ್ಣದಿಂದ ತುಂಬಿ ಮಟ್ಟ ಮಾಡಿರುತ್ತಾರೆ. ಇಲ್ಲದಿದ್ದರೆ ಆರು ಚುಕ್ಕಿಯ ಮುಖ ಹಗುರಾಗುತ್ತದೆ. ಪ್ರತಿ ದಾಳಕ್ಕೂ ಕ್ರಮಸಂಖ್ಯೆ. ಎಸೆಯುವವನು ಗಿರಾಕಿಯೇ, ಎಸೆದ ದಾಳ ಮೇಜಿನ ಆಚೆಯ ಗೋಡೆಗೆ, ಅಲ್ಲಿ ಅಂಟಿಸಿದ ಮೊನೆಮೊನೆಯಾದ ರಬ್ಬರಿಗೆ ಬಡಿದು ಹಿಂದಿರುಗಬೇಕು. ಯಾರ ಕೈಚಳಕವೂ ನಡೆಯದಂತೆ ಮಾಡಿದ ವ್ಯವಸ್ಥೆ. ಶಕುನಿಗೆ ಅಲ್ಲಿ ಕೆಲಸವಿಲ್ಲ. ಆ ದಾಳವನ್ನು ಬೆಳಕಿಗೆ ಹಿಡಿದು ನೋಡಿದಾಗ ನಮ್ಮ ಪ್ರಯೋಗಶಾಲೆಯ ತಕ್ಕಡಿಯ ಬೊಟ್ಟುಗಳೂ ಇಷ್ಟು ನಿಖರವಾಗಿರಲಿಲ್ಲ ಎನ್ನಿಸಿತು.

ಆಟ ಹೀಗೆ. ಎರಡು ದಾಳಗಳು. ಮೊದಲ ಎಸೆತದಲ್ಲಿ ಮೊತ್ತ 7 ಅಥವಾ 11 ಆದರೆ ಗೆಲುವು. 2, 3 ಅಥವಾ 12 ಆದರೆ ಸೋಲು. ಉಳಿದ 4, 5, 6, 8, 9, 10ರಲ್ಲಿ ಯಾವುದು ಬಂದರೂ ಅದು ‘ಪಾಯಿಂಟ್’ ಆಗುತ್ತದೆ. ಆಮೇಲೆ ಎಸೆಯುತ್ತಲೇ ಹೋಗಬೇಕು. ಆ ಪಾಯಿಂಟ್ ಮತ್ತೆ ಬಿದ್ದರೆ ಗೆಲುವು. ಅದಕ್ಕೆ ಮೊದಲು 7 ಬಿದ್ದರೆ ಸೋಲು. ಆಟದ ಸೊಗಸೆಲ್ಲ ಈ ಏಳರಲ್ಲಿದೆ. ಎರಡು ದಾಳಗಳು ಬೀಳುವ 36 ರೀತಿಗಳಲ್ಲಿ ಏಳು ಬರುವುದು ಆರು ರೀತಿಯಲ್ಲಿ; ಬೇರೆ ಯಾವ ಮೊತ್ತವೂ ಇಷ್ಟು ಸಲ ಬಾರದು. ಮೊದಲ ಎಸೆತದಲ್ಲಿ ಗೆಲುವಿನ ರೀತಿ 8, ಸೋಲಿನ ರೀತಿ 4. ಆಟಗಾರನಿಗೆ ಎರಡು ಪಟ್ಟು ಅನುಕೂಲ. ಆದರೆ ಉಳಿದ 24 ರೀತಿಗಳಲ್ಲಿ ಆಟ ಮುಂದುವರಿಯುತ್ತದೆ, ಆಗ ಅದೇ ಏಳು ವೈರಿಯಾಗುತ್ತದೆ. ಪಾಯಿಂಟ್ 6 ಆದರೆ ನಿಮಗೆ ಐದು ದಾರಿ, ಏಳಕ್ಕೆ ಆರು. ಪಾಯಿಂಟ್ 4 ಆದರೆ ನಿಮಗೆ ಮೂರು, ಏಳಕ್ಕೆ ಆರು. ಬಾಗಿಲಲ್ಲಿ ಉಪಚಾರ, ಒಳಗೆ ಬಂದಮೇಲೆ ವಸೂಲಿ.

ಎಲ್ಲ ಕೂಡಿಸಿ ಲೆಕ್ಕ ಹಾಕಿದರೆ 495 ಆಟಗಳಲ್ಲಿ ಆಟಗಾರ ಗೆಲ್ಲುವುದು 244, ಸೋಲುವುದು 251. ವ್ಯತ್ಯಾಸ ಏಳೇ ಏಳು. ನೂರು ರೂಪಾಯಿಗೆ ಒಂದು ರೂಪಾಯಿ ನಲವತ್ತೊಂದು ಪೈಸೆ. ಜಾತ್ರೆಯ ಬಟ್ಟೆಯ ಮುಂದೆ ಇದು ಧರ್ಮಛತ್ರವೇ ಸರಿ. ಆದರೆ ಅದೇ ಮೇಜಿನ ನಡುವೆ ಇನ್ನೂ ಹಲವು ಪಣಗಳಿವೆ. ಮುಂದಿನ ಎಸೆತಕ್ಕೆ 7 ಬೀಳುತ್ತದೆ ಎಂದು ಕಟ್ಟಿದರೆ ನಾಲ್ಕರಷ್ಟು ಕೊಡುತ್ತಾರೆ; ನ್ಯಾಯವಾಗಿ ಐದರಷ್ಟು ಕೊಡಬೇಕು. ಅಲ್ಲಿ ನೂರಕ್ಕೆ ಹದಿನಾರೂವರೆಗಿಂತ ಹೆಚ್ಚು ಹೋಗುತ್ತದೆ. 2 ಅಥವಾ 12ಕ್ಕೆ ಕಟ್ಟಿದರೆ ಮೂವತ್ತರಷ್ಟು ಕೊಡುವುದು ವಾಡಿಕೆ. ನ್ಯಾಯದ ಬೆಲೆ ಮೂವತ್ತೈದರಷ್ಟು. ಮನೆಗೆ ಏನೂ ಉಳಿಯದ, ಪೂರ್ತಿ ನ್ಯಾಯವಾದ ಪಣವೂ ಒಂದಿದೆ. ಪಾಯಿಂಟ್ ಬಿದ್ದ ಮೇಲೆ ಮೊದಲ ಪಣದ ಹಿಂದೆ ಇನ್ನಷ್ಟು ಹಣ ಇಡಬಹುದು. 4 ಮತ್ತು 10ಕ್ಕೆ ಒಂದಕ್ಕೆ ಎರಡು, 5 ಮತ್ತು 9ಕ್ಕೆ ಎರಡಕ್ಕೆ ಮೂರು, 6 ಮತ್ತು 8ಕ್ಕೆ ಐದಕ್ಕೆ ಆರು ಕೊಡುತ್ತಾರೆ. ಆದರೆ ಮೊದಲ ಪಣ ಕಟ್ಟದೆ ಈ ಪಣ ಕಟ್ಟುವಂತಿಲ್ಲ. ಮೇಜಿನ ಮೇಲೆ ಈ ನ್ಯಾಯದ ಪಣಕ್ಕೆ ಹೆಸರು ಬರೆದ ಜಾಗವೂ ಇರುವುದಿಲ್ಲ. ಬಲ್ಲವರು ಮಾತ್ರ ಬಲ್ಲರು.

ಪಾಠ ಮುಗಿದಮೇಲೆ ಹತ್ತು ಡಾಲರುಗಳ ಮೊದಲ ಪಣವನ್ನು ನಾಲ್ಕು ಸಲ ಕಟ್ಟಿದೆ. ಎರಡು ಗೆದ್ದೆ, ಎರಡು ಸೋತೆ, ಎದ್ದು ಬಂದೆ. ಆ ಶಿಕ್ಷಕಿಯನ್ನು ಒಂದು ಪ್ರಶ್ನೆ ಕೇಳಿದೆ: ಇಷ್ಟು ಚೆನ್ನಾಗಿ ಕಲಿಸಿಬಿಟ್ಟರೆ ನಿಮಗೆ ನಷ್ಟವಲ್ಲವೇ? ಅವಳು ನಕ್ಕು, ‘ಕಲಿತವರು ಹೆಚ್ಚು ಹೊತ್ತು ಆಡುತ್ತಾರೆ’ ಎಂದಳು.

ಆ ಉತ್ತರದಲ್ಲಿಯೇ ಆ ವ್ಯಾಪಾರದ ಗುಟ್ಟೆಲ್ಲ ಇದೆ. ಗಂಟೆಗೆ ಮೂವತ್ತು ಆಟ, ಆಟಕ್ಕೆ ಹತ್ತು ಡಾಲರು ಎಂದಿಟ್ಟುಕೊಳ್ಳಿ. ಕಿಸೆಯಲ್ಲಿರುವುದು ನೂರೇ ಡಾಲರಾದರೂ ಗಂಟೆಯಲ್ಲಿ ಮುನ್ನೂರು ಡಾಲರು ಪಣಕ್ಕೆ ಬಿದ್ದಿರುತ್ತದೆ, ಏಕೆಂದರೆ ಗೆದ್ದದ್ದೂ ಮರಳಿ ಮೇಜಿಗೇ ಹೋಗುತ್ತದೆ. ನೂರಕ್ಕೆ ಒಂದೂವರೆ ಎಂಬುದು ನೀವು ತಂದ ಹಣದ ಮೇಲಲ್ಲ, ಕಟ್ಟಿದ ಹಣದ ಮೇಲೆ. ಹತ್ತು ಗಂಟೆ ನಿಂತರೆ ಮೂರು ಸಾವಿರ ಕಟ್ಟಿರುತ್ತೀರಿ. ಸರಾಸರಿಯಲ್ಲಿ ನಲವತ್ತೆರಡು ಹೋಗಿರುತ್ತದೆ. ಆದರೆ ಈ ಸರಾಸರಿ ಒಬ್ಬ ಆಟಗಾರನ ಕಣ್ಣಿಗೆ ಬೀಳುವುದಿಲ್ಲ. ಅವನು ಒಂದು ರಾತ್ರಿ ಮುನ್ನೂರು ಗೆಲ್ಲುತ್ತಾನೆ, ಇನ್ನೊಂದು ರಾತ್ರಿ ನಾನೂರು ಸೋಲುತ್ತಾನೆ. ಸರಾಸರಿ ಕಾಣುವುದು ಲಕ್ಷಗಟ್ಟಲೆ ಎಸೆತ ನೋಡುವ ಮನೆಗೆ ಮಾತ್ರ. 2009ರ ಮೇ ತಿಂಗಳಲ್ಲಿ ಅಟ್ಲಾಂಟಿಕ್ ಸಿಟಿಯಲ್ಲಿ ಒಬ್ಬ ಅಜ್ಜಿ ಏಳು ಬಿದ್ದು ಸೋಲುವ ಮೊದಲು ದಾಳವನ್ನು 154 ಸಲ ಎಸೆದಳು. ನಾಲ್ಕು ಗಂಟೆಗೂ ಮಿಕ್ಕಿ ದಾಳ ಅವಳ ಕೈಯಲ್ಲಿಯೇ ಇತ್ತು. ಸಾಮಾನ್ಯವಾಗಿ ಒಬ್ಬರಿಗೆ ಸಿಗುವುದು ಸರಾಸರಿ ಎಂಟೂವರೆ ಎಸೆತ. ಆ ಸುದ್ದಿ ಜಗತ್ತನ್ನೆಲ್ಲ ಸುತ್ತಿತು. ಅದೇ ರಾತ್ರಿ ಬೇರೆ ಮೇಜುಗಳಲ್ಲಿ ಬಿದ್ದ ಏಳುಗಳ ಸುದ್ದಿ ಯಾರಿಗೆ ಬೇಕು?

ಈ ಲೆಕ್ಕವನ್ನು ಪಶ್ಚಿಮದವರಿಂದಲೇ ಕಲಿಯಬೇಕಾಗಿರಲಿಲ್ಲ. ಕನಕದಾಸರ ‘ನಳಚರಿತ್ರೆ’ಯನ್ನು ಬಲ್ಲವರಿಗೆ ಋತುಪರ್ಣನ ಪ್ರಸಂಗ ನೆನಪಿರಬಹುದು. ಮೂಲ ಮಹಾಭಾರತದಲ್ಲಿ ಆ ರಾಜ ರಥದಲ್ಲಿ ಹೋಗುತ್ತಲೇ ಒಂದು ತಾರೆಮರದ ಎಲೆ, ಕಾಯಿಗಳ ಸಂಖ್ಯೆಯನ್ನು ಎಣಿಸದೆ ಹೇಳಿಬಿಡುತ್ತಾನೆ. ವೇದಕಾಲದಲ್ಲಿ ಆ ಮರದ ಕಾಯಿಗಳೇ ದಾಳಗಳಾಗಿದ್ದವು. ನಳ ತನ್ನ ಅಶ್ವವಿದ್ಯೆಯನ್ನು ಕೊಟ್ಟು ಅವನಿಂದ ಅಕ್ಷಹೃದಯವನ್ನು, ಅಂದರೆ ದಾಳದ ಮರ್ಮವನ್ನು, ಕಲಿತು ಕಳೆದುಕೊಂಡ ರಾಜ್ಯವನ್ನು ಗೆದ್ದುಕೊಂಡ. ಆದರೆ ನಳನ ಎದುರಿಗೆ ಕುಳಿತದ್ದು ಪುಷ್ಕರನೆಂಬ ಒಬ್ಬ ಮನುಷ್ಯ. ಕ್ಯಾಸಿನೊದ ಮೇಜಿನಲ್ಲಿ ಎದುರಿಗೆ ಮನುಷ್ಯನೇ ಇಲ್ಲ, ಕೊಡುವ ದರದ ಪಟ್ಟಿಯಿದೆ. ಅಲ್ಲಿ ಅಕ್ಷಹೃದಯ ಬಲ್ಲವನಿಗೂ ಸೋಲು ನಿಧಾನವಾಗಿ ಬರುತ್ತದೆಯೇ ಹೊರತು ಬಾರದೇ ಇರುವುದಿಲ್ಲ.

ಈ ಎರಡನೆಯ ಮಾತನ್ನು ಕನ್ನಡನಾಡಿನ ಗಣಿತಜ್ಞನೇ ಹೇಳಿಟ್ಟಿದ್ದಾನೆ. ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ದಲ್ಲಿ ಆರು ರಸಗಳನ್ನು ಎಷ್ಟು ಬಗೆಯಾಗಿ ಬೆರೆಸಬಹುದು ಎಂಬಂಥ ವಿಕಲ್ಪಗಳ ಸಾಮಾನ್ಯ ಸೂತ್ರ ಕೊಟ್ಟ. ಅದೇ ಗ್ರಂಥದಲ್ಲಿ ಕೋಳಿಕಾಳಗದ ಒಂದು ಲೆಕ್ಕವಿದೆ. ಒಬ್ಬ ಚತುರ ಇಬ್ಬರು ಕೋಳಿಯೊಡೆಯರನ್ನು ಬೇರೆ ಬೇರೆ ಕಂಡು ಗುಟ್ಟಾಗಿ ಮಾತಾಡುತ್ತಾನೆ. ಒಬ್ಬನಿಗೆ, ನೀನು ಗೆದ್ದರೆ ನಿನ್ನ ಪಣದ ಹಣ ನನಗೆ, ಸೋತರೆ ಅದರ ಮೂರನೆಯ ಎರಡು ಪಾಲು ನಾನು ಕೊಡುತ್ತೇನೆ ಎನ್ನುತ್ತಾನೆ. ಇನ್ನೊಬ್ಬನಿಗೆ ಮುಕ್ಕಾಲು ಪಾಲಿನ ಮಾತು ಕೊಡುತ್ತಾನೆ. ಯಾವ ಕೋಳಿ ಗೆದ್ದರೂ ಅವನಿಗೆ ಹನ್ನೆರಡು ಹೊನ್ನು ಉಳಿಯುತ್ತದೆ. ಹಾಗಾದರೆ ಇಬ್ಬರ ಪಣವೆಷ್ಟು? ಉತ್ತರ 42 ಮತ್ತು 40. ಮೊದಲನೆಯವನು ಗೆದ್ದರೆ 42 ಬಂದು 30 ಹೋಗುತ್ತದೆ. ಎರಡನೆಯವನು ಗೆದ್ದರೆ 40 ಬಂದು 28 ಹೋಗುತ್ತದೆ. ಕೋಳಿಗೆ ಮದ್ದು ಹಾಕಬೇಕಾಗಿಲ್ಲ, ಕತ್ತಿಗೆ ವಿಷ ಸವರಬೇಕಾಗಿಲ್ಲ. ಕಾಳಗ ಪ್ರಾಮಾಣಿಕವಾಗಿ ನಡೆದರೆ ಸಾಕು. ಸಾವಿರದ ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಬರೆದ ಈ ಲೆಕ್ಕದೊಳಗೆ ಇಂದಿನ ಕ್ಯಾಸಿನೊ ಪೂರ್ತಿಯಾಗಿ ಅಡಗಿದೆ.

ಇನ್ನು ನಮ್ಮ ಭಾಗದ ಮಾತು. ಕರ್ನಾಟಕದಲ್ಲಿ 1963ರ ಪೊಲೀಸ್ ಕಾಯಿದೆಯ 87ನೆಯ ಕಲಮಿನಡಿ ಬಯಲಿನಲ್ಲಿ ಕುಳಿತು ಆಡುವುದೂ ಅಪರಾಧ. 2007ರಲ್ಲಿ ನಮ್ಮ ರಾಜ್ಯ ಲಾಟರಿಯನ್ನೂ ನಿಲ್ಲಿಸಿತು. ಆದರೆ ವಾಸ್ಕೋ ಕಡೆಗೆ ಹೋಗುವ ಗಾಡಿಗಳು ಮುಗದ ನಿಲ್ದಾಣವನ್ನು ಹಾದೇ ಹೋಗುತ್ತವೆ. ಗೋವೆಯಲ್ಲಿ 1976ರ ಜೂಜು ಕಾಯಿದೆಗೆ 1992ರಲ್ಲಿ ತಿದ್ದುಪಡಿಯಾಗಿ ಪಂಚತಾರಾ ಹೋಟೆಲುಗಳಲ್ಲಿ ಯಂತ್ರದ ಜೂಜಿಗೆ, 1996ರಲ್ಲಿ ಹಡಗಿನ ಮೇಲೆ ಮೇಜಿನ ಆಟಗಳಿಗೆ ಅನುಮತಿ ಸಿಕ್ಕಿತು. ಪಣಜಿಯಲ್ಲಿ ಆ ಹಡಗುಗಳು ನಿಂತಿರುವುದು ಮಾಂಡವಿ ನದಿಯ ಮೇಲೆ. ಮಾಂಡವಿ ಎಂದರೆ ಖಾನಾಪುರದ ಕಾಡಿನಲ್ಲಿ ಹುಟ್ಟುವ ನಮ್ಮ ಮಹದಾಯಿಯೇ. 2015ರಿಂದ ನರಗುಂದ, ನವಲಗುಂದದ ರೈತರು ಯಾವ ನದಿಯ ನೀರಿಗಾಗಿ ಬೀದಿಯಲ್ಲಿ ಕುಳಿತರೋ ಅದೇ ನದಿಯ ಮೇಲೆ, ರಾತ್ರಿಯ ದೀಪಗಳ ನಡುವೆ, ನಮ್ಮ ಹೊಲಗಳ ಹಣ ತೇಲಿಹೋಗುತ್ತದೆ. 2020ರ ಫೆಬ್ರುವರಿಯಲ್ಲಿ ಗೋವಾ ಸರಕಾರ ತನ್ನ ರಾಜ್ಯದ ಜನ ಕ್ಯಾಸಿನೊಗಳಲ್ಲಿ ಆಡುವುದನ್ನು ನಿಷೇಧಿಸಿತು. ತನ್ನ ಮಕ್ಕಳಿಗೆ ಬೇಡವೆಂದ ಅಡುಗೆಯನ್ನು ನೆಂಟರಿಗೆ ಬಡಿಸುವ ಮನೆಯ ಬಗ್ಗೆ ಓದುಗರೇ ಯೋಚಿಸಲಿ.

ನನ್ನಲ್ಲಿ ಕಲಿತ ಒಬ್ಬ ಹುಡುಗ, ಈಗ ನಲವತ್ತರ ಗೃಹಸ್ಥ, ಆ ಹಡಗುಗಳಿಗೆ ನಾಲ್ಕು ವರ್ಷ ನಡೆದುಕೊಂಡ. ರೂಲೆಟ್ ಅವನ ಆಟ. ದಾಳವಲ್ಲದಿದ್ದರೂ ಲೆಕ್ಕ ಅದೇ: 37 ಮನೆಗಳ ಚಕ್ರ, ಗೆದ್ದರೆ ಮೂವತ್ತಾರರ ಬದಲು ಮೂವತ್ತೈದರಷ್ಟು. ಕೆರೆಯ ಕೆಳಗಿನ ಒಂದೂವರೆ ಎಕರೆ ಗದ್ದೆ ಹೋದಮೇಲೆ ಅವನ ತಾಯಿ ನನ್ನಲ್ಲಿಗೆ ಕಳಿಸಿದಳು. ಬುದ್ಧಿ ಹೇಳಿಸಿಕೊಳ್ಳಲು ಬಂದವನ ಮುಖವಿರಲಿಲ್ಲ ಅದು, ಹಟವಿತ್ತು. ‘ಸರ್, ಅಲ್ಲಿ ಮೋಸ ಇಲ್ರೀ. ಎಲ್ಲಾ ಕಡೆ ಕ್ಯಾಮರಾ ಅದಾವು. ಎಷ್ಟೋ ಸಲ ಗೆದ್ದು ಬಂದೇನಿ. ಸೋತದ್ದು ನನ್ನ ನಸೀಬ’ ಎಂದ. ನಾನು ವಾದಿಸಲಿಲ್ಲ. ಒಂದು ಮದುವೆಯ ಕರೆಯೋಲೆಯ ಹಿಂದೆ ಜಾತ್ರೆಯ ಬಟ್ಟೆಯ ಆರು ಮನೆ ಬರೆದು, ಆರು ರೂಪಾಯಿಯ ನಾಣ್ಯಗಳನ್ನಿಟ್ಟು, ಜೋಡಿ ಬಿದ್ದಾಗ ಏನಾಗುತ್ತದೆ ಎಂದು ಕೇಳಿದೆ. ಕೊಟ್ಟು, ತೆಗೆದು, ಅವನೇ ಲೆಕ್ಕ ಮಾಡಿದ. ಉಳಿದ ಒಂದು ನಾಣ್ಯವನ್ನು ಬೆರಳಿನಲ್ಲಿ ಹಿಡಿದುಕೊಂಡು ಬಹಳ ಹೊತ್ತು ಕುಳಿತ. ಶಾಲೆಯಲ್ಲಿ ಗಣಿತದಲ್ಲಿ ಮುಂದಿದ್ದ ಹುಡುಗ; ಹೆಚ್ಚು ಬಿಡಿಸಿ ಹೇಳಬೇಕಾಗಲಿಲ್ಲ. ಆಮೇಲೆ, ‘ಮೋಸ ಇಲ್ಲದ ಸೋತೆ ಅಂದಮ್ಯಾಲೆ ಯಾರ ಮ್ಯಾಲೆ ಸಿಟ್ಟು ಮಾಡ್ಕೊಳ್ಲಿ ಸರ್?’ ಎಂದ.

ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಶಕುನಿ ಇದ್ದಿದ್ದರೆ ಭೀಮನಂತೆ ಶಪಥ ಮಾಡಬಹುದಿತ್ತು. ಇಲ್ಲಿ ಸಿಟ್ಟಿಗೆ ಗುರಿಯೇ ಇಲ್ಲ. ಸಿಟ್ಟು ನಸೀಬಿನ ಕಡೆಗೆ ತಿರುಗುತ್ತದೆ. ನಸೀಬು ಎಂದಾದರೂ ಬದಲಾದೀತೆಂಬ ಆಸೆ ಮನುಷ್ಯನನ್ನು ಮತ್ತೆ ಅದೇ ಹಡಗಿಗೆ ಹತ್ತಿಸುತ್ತದೆ. ಆಮೇಲೆ ಅವನು ಹಡಗಿಗೆ ಹೋಗಿಲ್ಲವೆಂದು ಅವನ ತಾಯಿ ಹೇಳುತ್ತಾಳೆ. ಗದ್ದೆಯಂತೂ ಮರಳಿ ಬರಲಿಲ್ಲ. ಈಗ ಅದನ್ನೇ ಬೇರೆಯವರಿಂದ ಲಾವಣಿಗೆ ಪಡೆದು ಭತ್ತ ಹಾಕುತ್ತಾನೆ.

ಹಡಗಿನ ವರೆಗೆ ಹೋಗುವ ಶ್ರಮವನ್ನೂ ಮೊಬೈಲು ಉಳಿಸಿತ್ತು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯಿದೆಯನ್ನು ಸಂಸತ್ತು 2025ರ ಆಗಸ್ಟಿನಲ್ಲಿ ಮಾಡಿತು. ಒಳ್ಳೆಯದೇ. ಆದರೆ ಕಾಯಿದೆ ಒಂದು ಬಾಗಿಲು ಮುಚ್ಚಿದರೆ ಪಣ ಇನ್ನೊಂದು ಬಾಗಿಲು ಹುಡುಕಿಕೊಳ್ಳುತ್ತದೆ. ವೇದದ ಕಾಲದಿಂದಲೂ ಅದು ಹಾಗೆಯೇ ಬಂದಿದೆ. ಶಾಲೆ ಮಾಡಬಹುದಾದ ಕೆಲಸವೊಂದಿದೆ ಎಂದು ನನ್ನ ಅನಿಸಿಕೆ. ಹತ್ತನೆಯ ತರಗತಿಯ ಗಣಿತ ಪುಸ್ತಕದಲ್ಲಿ ಸಂಭವನೀಯತೆಯ ಅಧ್ಯಾಯವಿದೆ. ಅದರ ತುಂಬ ನಾಣ್ಯ, ದಾಳ, ಇಸ್ಪೀಟಿನ ಎಲೆ. ಎರಡು ದಾಳಗಳ ಮೊತ್ತ 7 ಆಗುವ ಸಂಭವನೀಯತೆ ಆರನೆಯ ಒಂದು ಎಂದು ಮಕ್ಕಳು ಬರೆಯುತ್ತಾರೆ, ಅಂಕ ಪಡೆಯುತ್ತಾರೆ. ಅಲ್ಲಿಗೆ ಪಾಠ ನಿಲ್ಲುತ್ತದೆ. ಆ ಏಳಕ್ಕೆ ನಾಲ್ಕರಷ್ಟು ಕೊಡುವವನು ಉಳಿದ ಒಂದು ಪಾಲನ್ನು ಎಲ್ಲಿ ಇಟ್ಟುಕೊಂಡ ಎಂಬ ಪ್ರಶ್ನೆಯನ್ನು ನಾವು ಕೇಳುವುದಿಲ್ಲ. ದಾಳದ ಲೆಕ್ಕ ಕಲಿಸಿ ಪಣದ ಲೆಕ್ಕ ಬಿಡುತ್ತೇವೆ. ಸೇವೆಯಲ್ಲಿರುವ ಗಣಿತ ಶಿಕ್ಷಕ ಮಿತ್ರರು ಯಾರಾದರೂ ಇದನ್ನು ಓದುತ್ತಿದ್ದರೆ ನನ್ನದೊಂದು ವಿನಂತಿ. ಆ ಅಧ್ಯಾಯ ಮುಗಿಸುವ ದಿನ ಇನ್ನೊಂದು ಅರ್ಧ ಗಂಟೆ ತೆಗೆದುಕೊಳ್ಳಿ. ಕಪ್ಪು ಹಲಗೆಯ ಮೇಲೆ ಆರು ಮನೆ ಬರೆಯಿರಿ, ಆರು ಮಕ್ಕಳ ಕೈಯಲ್ಲಿ ಆರು ಹುಣಸೆಬೀಜ ಕೊಡಿ, ಮೂರು ದಾಳ ಎಸೆಯಿರಿ. ಗಂಟೆ ಬಾರಿಸುವ ಹೊತ್ತಿಗೆ ಬೀಜಗಳೆಲ್ಲ ಯಾರ ಹತ್ತಿರ ಸೇರಿವೆ ಎಂಬುದನ್ನು ಮಕ್ಕಳೇ ಎಣಿಸಲಿ.